ಗುಲಾಬಿ ಅಂಗಿ, ಹಳದಿ ನೀರು

ಮೂರು ಮಳೆಗಾಲ ಮುಖ ತೋರಿಸದ ಮನುಷ್ಯ ಒಂದು ಬೆಳಿಗ್ಗೆ ನಮ್ಮ ಅಂಗಡಿ ಬಾಗಿಲಲ್ಲಿ ನಿಂತು, ಮೆಟ್ಟಿಲು ಒಡೆಯುವುದಕ್ಕೆ ನನ್ನ ಒಪ್ಪಿಗೆ ಕೇಳಿದ.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಅಂಗಡಿ. ಆಗ ನಾನು ಪರದೆಯೊಂದನ್ನು ಹಸಿರು ನೀರಿನಲ್ಲಿ ಅದ್ದುತ್ತಿದ್ದೆ. ಮೊಣಕೈವರೆಗೂ ಹಸಿರಾಗಿದ್ದೆ. ತಲೆಯೆತ್ತಿ ನೋಡಿದರೆ ಅದೇ ಮುಖ, ಅದೇ ಸ್ವಲ್ಪ ಮೇಲೆದ್ದ ಎಡಹುಬ್ಬು, ಕಂಕುಳಲ್ಲಿ ಹೆಲ್ಮೆಟ್ಟು. ಪರದೆ ಕೈಜಾರಿ ಬಕೆಟ್ಟಿನ ತಳ ಸೇರಿತು. ಹಾಗೆ ಮುದ್ದೆಯಾಗಿ ಬಿದ್ದರೆ ಕಲೆ ನಿಲ್ಲುತ್ತದೆ. ನಿಲ್ಲಲಿ ಅಂದುಕೊಂಡೆ.

"ಇಡೀ ಬೀದಿಗೆ ಹೊಸ ಮಳೆನೀರಿನ ಪೈಪು ಹಾಕ್ತಾ ಇದ್ದೀವಿ," ಎಂದ. "ನಿಮ್ಮ ಮುಂದಿನ ಮೆಟ್ಟಿಲು ಸ್ವಲ್ಪ ಅಡ್ಡ ಬರುತ್ತೆ. ಒಡೆದು, ಆಮೇಲೆ ಮತ್ತೆ ಕಟ್ಟಿಸಿಕೊಡ್ತೀವಿ."

'ನಿಮ್ಮ' ಮೆಟ್ಟಿಲಂತೆ. ಒಂದು ಕಾಲದಲ್ಲಿ ನನ್ನನ್ನು "ನೀಲಿ" ಅಂತ ಕರೆಯುತ್ತಿದ್ದವನು. ಅದೇ ಮೆಟ್ಟಿಲ ಮೇಲೆ ಕೂತು ನನ್ನ ಲೋಟದಲ್ಲಿ ಉಳಿದ ಟೀ ಕುಡಿದವನು.

"ಒಡೆಯೋದರಲ್ಲಿ ನಿಮ್ಮ ಕೈ ಚೆನ್ನಾಗಿ ಪಳಗಿದೆ, ಸರ್," ಎಂದೆ. "ಕಟ್ಟಿಕೊಡೋದು ಯಾವಾಗ ಕಲಿತ್ರಿ?"

ಅವನ ಹುಬ್ಬು ಇಳಿಯಿತು. "ಒಪ್ಪಿಗೆ ಇದೆ ಅಂತ ತಗೋಬಹುದಾ?" ಎಂದ.

"ಒಡೀರಿ," ಎಂದೆ. ಅವನು ಹೋದಮೇಲೆ ಬಕೆಟ್ಟಿಗೆ ಕೈಹಾಕಿ ಪರದೆಯನ್ನು ಹಿಂಡಿದೆ. ಹಿಂಡಿದ್ದು ಪರದೆಯನ್ನಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ನಡೆದದ್ದು ಇಷ್ಟು. ನಮ್ಮ ಬೀದಿಯ ಕೆಳಗೆ ಅಜ್ಜನ ಕಾಲದ ಮಳೆನೀರಿನ ಪೈಪು. ಅದು ಇನ್ನೂ ಗಟ್ಟಿಯಿದೆಯೇ ಎಂದು ಪರೀಕ್ಷೆ ಮಾಡಲು ಮೂರು ಮಳೆಗಾಲದ ಹಿಂದೆ ಬಂದ ಇಂಜಿನಿಯರ್ ಇವನೇ. ಚಕ್ರಗಳ ಮೇಲೆ ಕೂತ ಪುಟ್ಟ ಕ್ಯಾಮೆರಾವನ್ನು ಪೈಪಿನೊಳಗೆ ಬಿಟ್ಟು, ಮೇಲೆ ಟಿವಿಯಲ್ಲಿ ಒಳಗಿನದನ್ನು ನೋಡುವುದು ಅವನ ಕೆಲಸ. ನೋಡುತ್ತಾ ನೋಡುತ್ತಾ ನನ್ನನ್ನೂ ನೋಡಿದ. ನಾನೂ ಕಣ್ಣು ಮುಚ್ಚಿಕೊಂಡೇನೂ ಇರಲಿಲ್ಲ. ಉಗುರಿನ ಸಂದಿಯಲ್ಲಿ ಸದಾ ನಿಂತಿರುತ್ತಿದ್ದ ಬಣ್ಣ ನೋಡಿ ನನಗೆ "ನೀಲಿ" ಎಂದು ಹೆಸರಿಟ್ಟ. ಅಮ್ಮ ಅವನಿಗೆಂದು ಒಂದು ಕರವಸ್ತ್ರಕ್ಕೆ ಕೈಯಾರೆ ತನ್ನ ನೀಲಿ ಬಣ್ಣ ಹಾಕಿಕೊಟ್ಟಳು. ಅಳಿಯ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಪರೀಕ್ಷೆ ಮುಗಿದ ಸಂಜೆ ಅಮ್ಮ ಕೇಳಿದಳು: "ನೆಲಮಾಳಿಗೆಯಲ್ಲಿ ಸಾಮಾನು ಇಡಬಹುದೇನಪ್ಪ? ಪಕ್ಕದಲ್ಲೇ ಪೈಪು ಹೋಗುತ್ತೆ ಅಂತಾರೆ."

"ಧೈರ್ಯವಾಗಿ ಇಡಿ ಅಮ್ಮ," ಎಂದ. "ನೋಡಿದ್ದೀನಿ. ಗಟ್ಟಿಯಾಗಿದೆ."

ಇಟ್ಟೆವು. ಆ ಮಳೆಗಾಲದಲ್ಲೇ ಪೈಪು ಕುಸಿದು, ಇಡೀ ಬೀದಿಯ ನೀರು ನಮ್ಮ ನೆಲಮಾಳಿಗೆಗೆ ನುಗ್ಗಿತು.

ಬಟ್ಟೆ ಹೋದರೆ ಬಟ್ಟೆ ಬರುತ್ತದೆ. ಹೋದದ್ದು ಅಮ್ಮನ ತುಣುಕುಗಳು. ಅಮ್ಮ ಬಣ್ಣವನ್ನು ಯಾವತ್ತೂ ಅಳೆದು ಬೆರೆಸಿದವಳಲ್ಲ. ಹೊಸ ಬಣ್ಣ ಬಂದಾಗಲೆಲ್ಲ ಅಂಗೈಯಗಲದ ಬಟ್ಟೆ ಅದ್ದಿ, ಒಣಗಿಸಿ, ಹಗ್ಗಕ್ಕೆ ಸಿಕ್ಕಿಸುತ್ತಿದ್ದಳು. ಮುಂದಿನ ಸಲ ಆ ತುಣುಕನ್ನು ಬೆಳಕಿಗೆ ಹಿಡಿದು, ಕಣ್ಣಳತೆಯಲ್ಲೇ ಅದನ್ನು ಮತ್ತೆ ತರುತ್ತಿದ್ದಳು. ನೆಲಮಾಳಿಗೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಅವಳ ಇಡೀ ಬದುಕಿನ ಬಣ್ಣಗಳು ತೂಗುತ್ತಿದ್ದವು. ನೀರು ಇಳಿದಾಗ ಎಲ್ಲವೂ ಒಂದೇ ಕೆಸರು ಬಣ್ಣ. ಈಗ ಅಮ್ಮನ ಕಣ್ಣು ಮಂಜಾಗಿದೆ, ನೀಲಿಯೂ ಕಪ್ಪೂ ಒಂದೇ. ಮತ್ತೆ ಮಾಡೋಣ ಎಂದರೂ ಮಾಡಲಾಗದ ನಷ್ಟ ಅದು.

ನೀರು ನುಗ್ಗಿದ ದಿನ ಅವನು ಓಡಿಬಂದಿದ್ದ. ಮೊಣಕಾಲುದ್ದ ನೀರಿನಲ್ಲಿ ನಿಂತು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲಿದ. "ನೋಡಿದ್ದೀನಿ ಅಂದ್ಯಲ್ಲ, ಏನು ನೋಡಿದ್ದೆ?" ಎಂದು ಕೇಳಿದೆ. ಉತ್ತರವಿಲ್ಲ. "ಏನಾದರೂ ಹೇಳು," ಎಂದೆ. ಅದಕ್ಕೂ ಇಲ್ಲ. "ಹಾಗಾದರೆ ಇನ್ನು ಈ ಬಾಗಿಲಿಗೆ ಬರಬೇಡ," ಎಂದೆ. ಬರಲಿಲ್ಲ. ಬರಬೇಡ ಎಂದರೆ ನಿಜವಾಗಿಯೂ ಬಾರದೇ ಇರುವ ಗಂಡಸಿನ ಮೇಲೆ ಎಂಥ ಕೋಪ ಬರುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ಕೋಪವೂ ಬಣ್ಣದ ಹಾಗೆಯೇ. ಬಿಸಿಯಲ್ಲಿ ಅದ್ದಿ ಉಪ್ಪು ಹಾಕಿದರೆ ಸುಮ್ಮನೆ ಬಿಡುವುದಿಲ್ಲ. ನನ್ನದು ಮೂರು ಮಳೆಗಾಲ ಉಪ್ಪಿನಲ್ಲಿ ನೆನೆದಿತ್ತು. ಈಗ ಅವನಾಗಿಯೇ ನನ್ನ ಬೀದಿಗೆ ಬಂದಿದ್ದ. ಅವನಿಗೆ ನೀರು ಕುಡಿಸದೆ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಬೀದಿ ಅಗೆಯಲು ಶುರುಮಾಡಿದರು. ಕಾಂಕ್ರೀಟು ಪೈಪುಗಳು ಬಂದು ಬೇಕರಿಯ ಮುಂದೆ ಸಾಲಾಗಿ ಮಲಗಿದವು. ನಾನು ದಿನವೂ ಕೆಲಸದವರಿಗೆಲ್ಲ ಟೀ ಮಾಡಿದೆ. ಮೇಸ್ತ್ರಿಗೆ, ಅಗೆಯುವ ಮೆಷೀನಿನವನಿಗೆ, ಸಿಮೆಂಟು ಕಲಸುವವರಿಗೆ. ತಟ್ಟೆ ಅವನ ಮುಂದೆ ಬರುವ ಹೊತ್ತಿಗೆ ಲೋಟ ಮುಗಿದಿರುತ್ತಿತ್ತು.

"ಅಯ್ಯೋ, ಮುಗೀತಲ್ಲ ಸರ್," ಎನ್ನುತ್ತಿದ್ದೆ.

"ಪರವಾಗಿಲ್ಲ. ವಾಸನೆ ಬಂತು, ಸಾಕು," ಎನ್ನುತ್ತಿದ್ದ.

ಒಂದು ದಿನ ಹಳ್ಳದ ಅಂಚು ಕುಸಿದು, ಬಿಳಿ ಅಂಗಿಯಲ್ಲಿದ್ದವನು ಕೆಸರಿಗೆ ಬಿದ್ದ. ಬೀದಿಯೆಲ್ಲ ಬಾಯಿ ಮುಚ್ಚಿಕೊಂಡು ನಕ್ಕಿತು. ನಾನು ಬಾಯಿ ಬಿಟ್ಟೇ ನಕ್ಕೆ. ಒಳಗಿನಿಂದ ಅಮ್ಮ, ಯಾರು ಬಿದ್ದರು ಎಂದು ಚೆನ್ನಾಗಿ ಗೊತ್ತಿದ್ದೂ, "ಪಾಪ, ಯಾರಪ್ಪ ಅದು? ಅಂಗಿ ಕೊಟ್ಟುಬಿಡು, ನಮ್ಮ ಹುಡುಗಿ ಒಗೆದುಕೊಡ್ತಾಳೆ," ಎಂದಳು.

ಅವನು ಅಂಗಿ ಬಿಚ್ಚಿಕೊಟ್ಟು ಬನಿಯನ್ನಿನಲ್ಲಿ ನಿಂತ. ಕೊಡುವ ಮುಂಚೆ ಜೇಬಿನಿಂದ ಏನೋ ತೆಗೆದು ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ನೀಲಿ ಬಟ್ಟೆಯ ಒಂದು ಮೂಲೆ ಹೊರಗುಳಿದದ್ದು ನನಗೆ ಕಂಡಿತು.

ಅಮ್ಮನ ನೀಲಿ. ನಾನು ಎಷ್ಟು ಪ್ರಯತ್ನಪಟ್ಟರೂ ತರಲಾಗದೆ ಹೋದ ನೀಲಿ. ಉಳಿದಿದ್ದ ಒಂದೇ ಒಂದು ತುಣುಕು ಇವನ ಜೇಬಿನಲ್ಲಿ. ನನ್ನ ಮೈಯೆಲ್ಲ ಉರಿದುಹೋಯಿತು.

ಅಂಗಿಯನ್ನು ಒಗೆದೆ. ಆಮೇಲೆ ಅಂಗಡಿಯಲ್ಲಿದ್ದ ಗುಲಾಬಿ ಬಣ್ಣಗಳಲ್ಲೆಲ್ಲ ಅತ್ಯಂತ ಕಣ್ಣು ಕುಕ್ಕುವುದನ್ನು ಆರಿಸಿ, ಕುದಿಸಿ, ಅದ್ದಿದೆ. ಇಸ್ತ್ರಿ ಮಾಡಿ, ಚೆನ್ನಾಗಿ ಮಡಿಸಿ, ಮರುದಿನ ಎಲ್ಲರೂ ಇರುವಾಗಲೇ ಕೊಟ್ಟೆ.

ಬಿಡಿಸಿ ನೋಡಿದ. ಮೇಸ್ತ್ರಿ ಮೀಸೆ ಕಚ್ಚಿಕೊಂಡು ಬೇರೆ ಕಡೆ ತಿರುಗಿದ. ಅವನು ಅಂಗಿ ತೊಟ್ಟು, ಒಂದೊಂದೇ ಗುಂಡಿ ಹಾಕಿಕೊಂಡ. ಕಣ್ಣು ಮಾತ್ರ ನನ್ನ ಮೇಲಿತ್ತು. ಕೊನೆಯ ಗುಂಡಿಯವರೆಗೂ ಇತ್ತು.

"ಬಣ್ಣ ಬಿಡುತ್ತಾ?" ಎಂದ.

"ನಾನು ಹಾಕಿದ ಬಣ್ಣ ಬಿಡಲ್ಲ."

"ಗೊತ್ತು," ಎಂದ.

ಆ "ಗೊತ್ತು" ಕೇಳಿ ನನ್ನ ಕಿವಿ ಬಿಸಿಯಾಯಿತು. ಅದಕ್ಕೂ ಅವನನ್ನೇ ಬೈದುಕೊಂಡೆ. ಮಾರನೆಯ ದಿನವೂ ಅದೇ ಅಂಗಿ, ಅದರ ಮಾರನೆಯ ದಿನವೂ ಅದೇ. ಇಡೀ ಬೀದಿಗೆ "ಗುಲಾಬಿ ಇಂಜಿನಿಯರ್" ಆದ. ಬಿಸಿಲಲ್ಲಿ ಬೆವರಿಳಿದರೆ ಆ ಗುಲಾಬಿ ತೋಳಿನಿಂದ ಒರೆಸಿಕೊಳ್ಳುತ್ತಿದ್ದನೇ ಹೊರತು ಜೇಬಿನ ಕರವಸ್ತ್ರ ಒಂದು ದಿನವೂ ತೆಗೆಯಲಿಲ್ಲ.

"ಗುಲಾಬಿ ಅವನಿಗೆ ಒಪ್ಪುತ್ತೆ ಕಣೆ," ಎಂದರು ಬೇಕರಿ ಆಂಟಿ.

"ನಂಗೆ ಬೇರೇನೂ ಕಾಣಲ್ಲ," ಎಂದಳು ಅಮ್ಮ. "ಆ ಗುಲಾಬಿ ಬೀದಿಯಲ್ಲಿ ಮೇಲೆ ಕೆಳಗೆ ಓಡಾಡೋದು ಮಾತ್ರ ಚೆನ್ನಾಗಿ ಕಾಣುತ್ತೆ. ನಮ್ಮ ಬಾಗಿಲ ಹತ್ತಿರ ಬಂದಾಗ ಸ್ವಲ್ಪ ನಿಧಾನ ಆಗುತ್ತೆ."

ನಿಜವಾಗಿಯೂ ಒಪ್ಪುತ್ತಿತ್ತು. ಅದು ನನ್ನ ಗ್ರಹಚಾರ. ಸೇಡು ತೀರಿಸಿಕೊಳ್ಳಲು ಹೋಗಿ ಅವನನ್ನು ಇನ್ನಷ್ಟು ಚೆಂದ ಮಾಡಿ ಬಿಟ್ಟಿದ್ದೆ. ಹಾಗಾಗಿ ಮುಂದಿನದು ಸರಿಯಾಗಿ, ಹತ್ತು ಜನರ ಮುಂದೆ ಅವನ ನೀರಿಳಿಸುವಂಥದ್ದಾಗಬೇಕು ಎಂದುಕೊಂಡೆ.

ಅವಕಾಶ ತಾನಾಗಿಯೇ ಬಾಗಿಲಿಗೆ ಬಂತು.

ಪೈಪು ಹಾಕಿ ಮುಗಿದಿತ್ತು. ಬೀದಿಯ ಮೇಲ್ತುದಿಯಲ್ಲಿ ಒಂದು ಚೇಂಬರ್, ಎಂದರೆ ಆಳು ಇಳಿಯುವಷ್ಟು ದೊಡ್ಡ ಗುಂಡಿ. ಅಲ್ಲಿಂದ ಹೊಸ ಪೈಪು ಬೀದಿಯ ನಡುವೆ ನೇರವಾಗಿ ಇಳಿದು, ಕೆಳಗಡೆ ಕಾಲುವೆಗೆ ಬಾಯಿ ಬಿಡುತ್ತದೆ. ಹಳೇ ಪೈಪಿನ ಬಾಯಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಮಾರನೆಯ ದಿನ ದೊಡ್ಡ ಸಾಹೇಬರು ಬಂದು ನೋಡುವವರಿದ್ದರು. ಅವರ ಮುಂದೆ ಮೇಲಿನಿಂದ ಬಣ್ಣದ ನೀರು ಬಿಟ್ಟು, ಅದು ಕಾಲುವೆಯಲ್ಲಿ ಸರಿಯಾಗಿ ಬಂದು ಬಿದ್ದರೆ ಕೆಲಸ ಪಾಸು. ಅದಕ್ಕೆಂದೇ ತರಿಸಿದ ಹಸಿರು ಪುಡಿಯ ಬಾಟಲಿಯನ್ನು ಮೇಸ್ತ್ರಿ ಕೈಜಾರಿ ಒಡೆದಿದ್ದ.

"ಸ್ವಲ್ಪ ಬಣ್ಣ ಬೇಕಿತ್ತು," ಎಂದ, ಗುಲಾಬಿ ಅಂಗಿಯಲ್ಲಿ, ನನ್ನ ಬಾಗಿಲಲ್ಲಿ. "ಎದ್ದು ಕಾಣಬೇಕು. ಕಾಲುವೆಯ ಮೀನಿಗೆ ತೊಂದರೆ ಆಗಬಾರದು."

"ಮನುಷ್ಯರಿಗೆ ಆದರೆ ಪರವಾಗಿಲ್ವಾ?"

ನಾನು ಒಳಗೆ ಹೋಗಿ ಕಪಾಟಿನ ಮುಂದೆ ಒಂದು ಕ್ಷಣ ಯೋಚಿಸಿದೆ. ಆಮೇಲೆ ಅರಿಶಿನದ ದೊಡ್ಡ ಡಬ್ಬಕ್ಕೆ ಕೈ ಹಾಕಿದೆ.

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ. ಹಸಿ ಸಿಮೆಂಟಿನಲ್ಲಿರುವುದೂ ಅದೇ ಸುಣ್ಣದ ಖಾರ. ಹೊಸ ಕಾಂಕ್ರೀಟು ಪೈಪು, ಕೀಲುಕೀಲಿಗೂ ನಿನ್ನೆ ಮೊನ್ನೆ ಬಳಿದ ಸಿಮೆಂಟು. ಮೇಲೆ ಹಳದಿ ಸುರಿದರೆ ಕೆಳಗೆ ರಕ್ತದ ಹಾಗೆ ಕೆಂಪು ಬರುತ್ತದೆ. ಯಾಕೆ ಎಂದು ಸಾಹೇಬರು ಕೇಳಿದರೆ ಇವನು ತಬ್ಬಿಬ್ಬಾಗಬೇಕು. ಆವತ್ತು ನನ್ನ ಮುಂದೆ ಬಾಯಿ ಕಟ್ಟಿ ನಿಂತ ಹಾಗೆಯೇ ನಾಳೆ ಎಲ್ಲರ ಮುಂದೆ ನಿಲ್ಲಬೇಕು.

ಮುಚ್ಚಳದ ಸುತ್ತ ಟೇಪು ಸುತ್ತಿಕೊಟ್ಟೆ. "ಹಳದಿ. ಮೀನಿಗೆ ಏನೂ ಆಗಲ್ಲ," ಎಂದೆ.

"ಥ್ಯಾಂಕ್ಸ್," ಎಂದ. ಡಬ್ಬ ತೆಗೆದುಕೊಳ್ಳುವಾಗ ಅವನ ಬೆರಳು ನನ್ನ ಬೆರಳಿಗೆ ತಾಗಿತು. ಇಬ್ಬರಲ್ಲಿ ಯಾರೂ ಬೇಗ ಬಿಡಲಿಲ್ಲ. ನಾನು ಬಿಡದಿದ್ದದ್ದು ಕೋಪಕ್ಕೆ ಎಂದು ಇಟ್ಟುಕೊಳ್ಳಿ.

ಮಾರನೆಯ ದಿನ ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ಇಡೀ ಬೀದಿ ಸೇರಿತ್ತು. ನಾನು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಹೋಗಿದ್ದೆ. ಸೇಡಿಗೂ ಒಂದು ಮರ್ಯಾದೆ ಬೇಡವೇ? ಅವನು ಮೇಲೆ ಡ್ರಮ್ಮಿನಲ್ಲಿ ಬಣ್ಣವನ್ನು ತಾನೇ ಕಲಸಿ, ಮೇಸ್ತ್ರಿಗೆ ಒಪ್ಪಿಸಿ, ಕೆಳಗೆ ಬಂದು ಸಾಹೇಬರ ಪಕ್ಕ ನಿಂತಿದ್ದ. ಮೇಸ್ತ್ರಿಗೆ ಫೋನಿನಲ್ಲಿ "ಬಿಡಿ" ಎಂದ.

ಪೈಪಿನ ಬಾಯಲ್ಲಿ ನೀರು ಕಾಣಿಸಿತು. ಮೊದಲು ಬರೀ ನೀರು, ಆಮೇಲೆ ಕೆಂಪು. ನಾನು ಅಂದುಕೊಂಡದ್ದಕ್ಕಿಂತ ಕೆಂಪು.

"ಏನ್ರೀ ಇದು?" ಎಂದರು ದೊಡ್ಡ ಸಾಹೇಬರು. "ಹಳದಿ ಬಿಟ್ಟಿದ್ದೀನಿ ಅಂದ್ರಿ?"

ಅವನ ಕಣ್ಣು ಒಂದು ಕ್ಷಣ ನನ್ನ ಕಡೆ ಬಂದು ಹೋಯಿತು.

"ನಿಮ್ಮನ್ನೇ ಕೇಳ್ತಿರೋದು. ಯಾವ ಕೊಳಕು ನೀರು ಸೇರ್ಕೊಂಡಿದೆ ಇದಕ್ಕೆ? ಊರವರೆಲ್ಲ ನೋಡ್ತಿದ್ದಾರೆ. ಕೊಲೆ ಆಗಿದೆ ಅಂತ ನಾಳೆ ಸುದ್ದಿ ಬಂದರೆ ನಾನು ಏನು ಹೇಳಲಿ?"

ಅವನು ತಲೆ ತಗ್ಗಿಸಿ ನಿಂತ. ಗುಲಾಬಿ ಅಂಗಿ, ಕೆಂಪು ನೀರು, ಸುತ್ತ ಕಿಸಕಿಸ ನಗೆ. ಮೂರು ಮಳೆಗಾಲ ಕಾದದ್ದು ಇದಕ್ಕೇ. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳುವುದಿಲ್ಲ, ಆ ಗಳಿಗೆ ತುಂಬಾ ರುಚಿಯಾಗಿತ್ತು.

"ನಾಳೆಯಿಂದ ನೀವು ಬರೋದು ಬೇಡ," ಎಂದರು ಸಾಹೇಬರು. "ಬಣ್ಣದ ವಿಚಾರಣೆ ಆಮೇಲೆ ಮಾಡೋಣ. ನೀರಂತೂ ಬಂದು ಬಿತ್ತು. ಮಳೆ ಶುರುವಾಗೋ ಹಾಗಿದೆ. ಇವತ್ತೇ ಮುಚ್ಚಿ ರಸ್ತೆ ಹಾಕಿಸ್ತೀನಿ."

ಆಗಲೇ ನನಗೆ ಅದು ಕಂಡಿತು. ಕೆಂಪು ನೀರಿನ ಎಡ ಅಂಚಿನಲ್ಲಿ ತೆಳ್ಳಗೆ ಒಂದು ಹಳದಿ ಗೆರೆ. ಕಣ್ಣು ಕಿರಿದು ಮಾಡಿ ನೋಡಿದೆ. ಗೆರೆ ದಪ್ಪವಾಗುತ್ತಾ ಬಂತು. ಅಪ್ಪಟ ಅರಿಶಿನ.

ಹೊಸ ಪೈಪಿನಲ್ಲಿ ಬಂದ ನೀರು ಹಳದಿಯಾಗಿ ಉಳಿಯುವುದು ಸಾಧ್ಯವೇ ಇಲ್ಲ. ಹಳದಿಯಾಗಿಯೇ ಬಂದಿದೆ ಎಂದರೆ ಆ ನೀರಿಗೆ ಹೊಸ ಸಿಮೆಂಟು ತಾಗಿಯೇ ಇಲ್ಲ. ಅದು ಬೇರೆ ದಾರಿಯಲ್ಲಿ, ಹಳೇ ಪೈಪಿನಲ್ಲಿ ಸುತ್ತಿಕೊಂಡು, ತಡವಾಗಿ ಬಂದು ಕಾಲುವೆಯ ಹತ್ತಿರ ಇದಕ್ಕೆ ಸೇರಿದೆ. ಹಳೇ ಪೈಪು ಮುಚ್ಚಿಲ್ಲ. ಅದು ಹೋಗುವುದು ನಮ್ಮ ನೆಲಮಾಳಿಗೆಯ ಪಕ್ಕದಲ್ಲಿ.

ಬಾಯಿ ಮುಚ್ಚಿಕೊಂಡಿದ್ದರೆ ಅವನು ತೊಲಗುತ್ತಾನೆ, ಆದರೆ ನೀರು ಮತ್ತೆ ಅಮ್ಮನ ನೆಲಮಾಳಿಗೆಗೆ ಬರುತ್ತದೆ. ಬಾಯಿ ಬಿಟ್ಟರೆ ನೆಲಮಾಳಿಗೆ ಉಳಿಯುತ್ತದೆ, ಅವನೂ ಉಳಿಯುತ್ತಾನೆ. ಇಂಥ ಅನ್ಯಾಯ ಯಾರಿಗೂ ಬೇಡ. ಹಲ್ಲು ಕಡಿದುಕೊಂಡು ಮುಂದೆ ಹೋದೆ.

"ಸರ್, ರಸ್ತೆ ಮುಚ್ಚಬೇಡಿ," ಎಂದೆ. "ಬಣ್ಣ ಕೊಟ್ಟಿದ್ದು ನಾನು. ಅದು ಅರಿಶಿನ. ಸಿಮೆಂಟು ತಾಗಿದರೆ ಕೆಂಪಾಗುತ್ತೆ, ಅದು ಗೊತ್ತಿದ್ದೇ ಕೊಟ್ಟೆ. ಕೆಂಪು ಬಂದಿದ್ದು ಸರಿ. ಆದರೆ ಆ ಕಡೆ ನೋಡಿ, ಹಳದಿ ಬರ್ತಿದೆ. ಅದು ಬರಬಾರದು. ಅದು ಹಳೇ ಪೈಪಿನ ನೀರು."

ಎಲ್ಲರೂ ಪೈಪಿನ ಬಾಯಿ ನೋಡಿದರು. ಅವನೊಬ್ಬ ನನ್ನನ್ನು ನೋಡಿದ.

"ಬೇಕಂತಲೇ ಕೊಟ್ರಾ?" ಎಂದರು ಸಾಹೇಬರು. "ಯಾಕಮ್ಮ?"

"ಅದು ನಮ್ಮಿಬ್ಬರ ವಿಷಯ, ಸರ್."

ಬೇಕರಿ ಆಂಟಿ ಜೋರಾಗಿ ಕೆಮ್ಮಿದರು. ಅಷ್ಟರಲ್ಲಿ ಅವನು ದಂಡೆಯಿಂದ ಇಳಿದು ನೀರಿನ ಹತ್ತಿರ ಹೋಗಿ ಬಗ್ಗಿದ. ಬೆರಳಲ್ಲಿ ಹಳದಿಯನ್ನು ಮುಟ್ಟಿ, ತಿರುಗಿ ಬೀದಿ ಹತ್ತಿ ಓಡಿದ. ನಾನೂ ಅವನ ಹಿಂದೆ ಓಡಿದೆ.

ಮೇಲಿನ ಚೇಂಬರಿಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಇಟ್ಟಿಗೆ ಕಟ್ಟಿದ ಹಳೇ ಬಾಯಿ ಹಾಗೇ ಇತ್ತು, ಒಂದು ಹನಿಯೂ ಸೋರುತ್ತಿರಲಿಲ್ಲ. ಆದರೆ ಅದರ ಕೆಳಗೆ ತಳದ ಹೂಳಿನಲ್ಲಿ ನೀರು ಸುಳಿ ತಿರುಗಿ ಇಂಗುತ್ತಿತ್ತು. ಕೈಯಿಂದಲೇ ಹೂಳು ತೋಡಿದ. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಧ್ವನಿ ಬಂತು.

"ಇಲ್ಲಿದೆ. ಇನ್ನೊಂದು ಬಾಯಿ. ನಾವು ಮುಚ್ಚಿದ್ದು ಎಲ್ಲಿಗೂ ಹೋಗದ ಒಂದು ಮೊಂಡು ತುದಿ. ನಿಜವಾದ ಪೈಪು ಇದು."

ಅದರೊಳಗೆ ಕ್ಯಾಮೆರಾ ಬಿಟ್ಟರು. ಬ್ಯಾರಿಕೇಡಿನ ಮೇಲೆ ಇಟ್ಟ ಟಿವಿಯ ಮುಂದೆ ನಾನು ನಿಂತೆ. ಅವನು ಮೇಲೆ ಬಂದು ಕೆಸರು ಕೈಯಲ್ಲೇ ಪಕ್ಕದಲ್ಲಿ ನಿಂತ. ಸಾಹೇಬರು ಸ್ವಲ್ಪ ಹೊತ್ತು ನೋಡಿ, "ಪೂರ್ತಿ ಸರಿಯಾಗೋವರೆಗೂ ಇಲ್ಲೇ ಇರಿ," ಎಂದು ಅವನಿಗೆ ಹೇಳಿ, ಮೇಸ್ತ್ರಿಯನ್ನು ಕರೆದುಕೊಂಡು ಇಟ್ಟಿಗೆ ಸಿಮೆಂಟು ತರಿಸಲು ಹೋದರು.

ಟಿವಿಯಲ್ಲಿ ಕತ್ತಲು, ಬೇರು, ಬಿರುಕು. ಪೈಪು ಬೀದಿ ಬಿಟ್ಟು ಸರಿದು ನಮ್ಮ ಗೋಡೆಯ ಅಡಿಗೇ ಬಂತು. ಒಂದು ಕಡೆ ಮೇಲ್ಭಾಗ ಪೂರ್ತಿ ಕುಸಿದು ಮಣ್ಣು ಕಾಣುತ್ತಿತ್ತು. ಅದನ್ನು ದಾಟಿದರೆ ಒಂದು ತಿರುವು.

"ಆವತ್ತು ಕ್ಯಾಮೆರಾ ಕೆಳಗಿನಿಂದ ಬಂದು ಇದೇ ತಿರುವಿನಲ್ಲಿ ಹೂಳಿಗೆ ಸಿಕ್ಕಿಕೊಂಡಿತ್ತು," ಎಂದ ಅವನು, ಟಿವಿ ನೋಡುತ್ತಲೇ. "ಹೂಳು ತೆಗೆಸಿ ಮತ್ತೆ ಬಿಡಬೇಕಿತ್ತು. ಬಿಡಲಿಲ್ಲ. ಮುಂದೆ ನೇರವಾಗಿ ಬೀದಿಯಲ್ಲೇ ಹೋಗುತ್ತೆ ಅಂತ ಅಂದಾಜಿನ ಮೇಲೆ ಗೆರೆ ಎಳೆದೆ. ನೋಡದೆ, ನೋಡಿದ್ದೀನಿ ಅಂತ ಅಮ್ಮಂಗೆ ಹೇಳಿದೆ. ಆ ಗೆರೆ ನಂಬಿಯೇ ಈ ಸಲ ತಪ್ಪು ಬಾಯಿ ಮುಚ್ಚಿಸಿದೆ."

ಮೂರು ಮಳೆಗಾಲ ಬೇಕಾಯಿತು ಇಷ್ಟು ಮಾತಿಗೆ.

"ಯಾಕೆ ಬಿಡಲಿಲ್ಲ?"

ಅವನು ಟಿವಿಯ ಅಂಚಿಗೆ ಮೆತ್ತಿದ ಕೆಸರನ್ನು ಕೆರೆದ.

"ಯಾಕೆ ಅಂತ ಕೇಳಿದೆ."

"ಸಂಜೆ ಆಗಿತ್ತು," ಎಂದ. "ಬೆಳಕಿರೋವಾಗಲೇ ಬಾ ಅಂದಿದ್ದೆ ನೀನು. ತಡವಾದರೆ ಎದ್ದು ಒಳಗೆ ಹೋಗಿಬಿಡ್ತೀನಿ ಅಂದಿದ್ದೆ."

ನನಗೆ ಆ ಸಂಜೆ ನೆನಪಾಯಿತು. ಮರೆತಿದ್ದರಲ್ಲವೇ ನೆನಪಾಗಲು. ಅವನು ಏದುಸಿರು ಬಿಡುತ್ತಾ ಬಂದು ಮೆಟ್ಟಿಲ ಮೇಲೆ ಕೂತದ್ದು, ಮೊದಲನೇ ಸಲ ನನ್ನ ಕೈ ಹಿಡಿದದ್ದು, ಆಮೇಲೆ ಅಮ್ಮ ಬಂದು ಪೈಪಿನ ಮಾತು ಕೇಳಿದ್ದು. ನನ್ನ ಬದುಕಿನ ಅತ್ಯಂತ ಸಂತೋಷದ ಗಳಿಗೆಯನ್ನು ಅವನು ಕೊಂಡುತಂದದ್ದು ಆ ಅರ್ಧಕ್ಕೆ ಬಿಟ್ಟ ಕೆಲಸದ ಬೆಲೆಗೆ. ಕೋಪವೋ ಪ್ರೀತಿಯೋ ಬೇರೆ ಮಾಡಲಾಗಲಿಲ್ಲ.

"ಇದನ್ನ ಆವತ್ತೇ ಹೇಳಬೇಕಿತ್ತು."

"ಹೇಳಿದ್ರೆ ಅರ್ಧ ತಪ್ಪು ನಿನ್ನ ತಲೆಗೆ ಬರ್ತಿತ್ತು."

"ಒಂದು ಚೂರೂ ಬರ್ತಿರಲಿಲ್ಲ," ಎಂದೆ. "ಬೇಗ ಬಾ ಅಂದವಳು ನಾನು. ಕೆಲಸ ಬಿಟ್ಟು ಬಾ ಅನ್ನಲಿಲ್ಲ. ತಪ್ಪು ಪೂರ್ತಿ ನಿಂದೇ. ಹಂಚಿಕೊಳ್ಳೋಕೆ ನಾನೇನೂ ತಯಾರಿಲ್ಲ."

"ನಂಗೊತ್ತು," ಎಂದ. ಆಮೇಲೆ ಮೆಲ್ಲಗೆ, "'ನಿಂದೇ' ಅಂದೆ ಈಗ. ಸರ್ ಅನ್ನಲಿಲ್ಲ."

"ಬಾಯಿ ತಪ್ಪಿ ಬಂತು."

ಕೆಸರು ಮೆತ್ತಿದ ಮುಖದಲ್ಲಿ ನಗು ಬಂದು ಹೋಯಿತು. "ಡಬ್ಬ ಬಿಚ್ಚಿದ ತಕ್ಷಣ ವಾಸನೆ ಬಂತು," ಎಂದ. "ಅರಿಶಿನ ಅಂತ. ಕೆಂಪಾಗುತ್ತೆ ಅಂತಲೂ ಗೊತ್ತಿತ್ತು."

ನಾನು ಅವನತ್ತ ತಿರುಗಿದೆ. "ಗೊತ್ತಿದ್ದೂ ಸುರಿದ್ಯಾ? ಅಷ್ಟು ಜನರ ಮುಂದೆ ಬೈಸಿಕೊಂಡು ನಿಂತ್ಯಾ?"

"ನೀನು ಕಾದಿದ್ದೆಯಲ್ಲ," ಎಂದ. "ನಿನಗೆ ಅಷ್ಟಾದರೂ ಸಿಗಲಿ ಅನ್ನಿಸ್ತು."

ಇದಕ್ಕಿಂತ ದೊಡ್ಡ ಮೋಸ ಉಂಟೇ? ಅಷ್ಟು ಕಷ್ಟಪಟ್ಟು ತೀರಿಸಿಕೊಂಡ ಸೇಡು, ಅವನು ಬಿಟ್ಟುಕೊಟ್ಟದ್ದು ಎಂದಾಯಿತು. ನನಗೆ ಅಳು ಬಂತು. ಟಿವಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಅವನು ಸಮಾಧಾನ ಹೇಳಲಿಲ್ಲ. ಕೆಸರು ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ ಪಕ್ಕದಲ್ಲೇ ನಿಂತಿದ್ದ.

"ಹಾಗಾದರೆ ಇದು ಲೆಕ್ಕಕ್ಕಿಲ್ಲ," ಎಂದೆ ಕೊನೆಗೆ. "ಬೇರೆ ಶಿಕ್ಷೆ ಕೊಡ್ತೀನಿ."

"ಕೊಡು."

"ಇದನ್ನು ಮುಚ್ಚು. ಸರಿಯಾಗಿ. ಮೊದಲನೇ ದೊಡ್ಡ ಮಳೆಗೆ ಬಂದು ನಮ್ಮ ನೆಲಮಾಳಿಗೆಯಲ್ಲಿ ಕೂರಬೇಕು. ಮಳೆ ನಿಲ್ಲೋವರೆಗೂ. ಬಾಗಿಲಿಗೆ ಹೊರಗಿಂದ ಚಿಲಕ ಹಾಕ್ತೀನಿ."

"ಆಯ್ತು," ಎಂದ.

ಹೂಳಿನ ಬಾಯಿಗೆ ಕಾಂಕ್ರೀಟು ತುಂಬಿದರು. ನಮ್ಮ ಗೋಡೆಯ ಅಡಿಯ ಟೊಳ್ಳನ್ನೂ ತುಂಬಿದರು. ಕೊನೆಯ ಗುದ್ದಲಿಯವರೆಗೂ ಅವನು ಹಳ್ಳದಲ್ಲೇ ಇದ್ದ. ನನ್ನ ಮೆಟ್ಟಿಲನ್ನೂ ಕಟ್ಟಿಸಿದ, ಮುಂಚಿನದಕ್ಕಿಂತ ಅಗಲವಾಗಿ. ಯಾಕೆ ಅಗಲ ಎಂದು ನಾನು ಕೇಳಲಿಲ್ಲ.

ಮಳೆ ಒಂದು ಮಧ್ಯಾಹ್ನ ಬಂತು. ಹೇಳದೆ ಕೇಳದೆ ಬಂದು, ಬೀದಿ ಕಾಣದ ಹಾಗೆ ಸುರಿಯಿತು. ಅವನು ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದ. ಗುಲಾಬಿ ಅಂಗಿ ಮೈಗೆ ಅಂಟಿತ್ತು. ಬಣ್ಣ ಒಂದು ಹನಿಯೂ ಬಿಟ್ಟಿರಲಿಲ್ಲ.

"ಶಿಕ್ಷೆಗೆ ಬಂದಿದ್ದೀನಿ," ಎಂದ.

ಟವೆಲ್ಲು ಕೊಡದೆ ಕೆಳಗೆ ಕಳಿಸಿದೆ. ಅವನು ಖಾಲಿ ಹಗ್ಗಗಳ ಕೆಳಗೆ, ಕಡೇ ಮೆಟ್ಟಿಲ ಮೇಲೆ ಕೂತ. ಮಾತಿನಂತೆ ಬಾಗಿಲು ಹಾಕಿ ಹೊರಗಿನಿಂದ ಚಿಲಕ ಹಾಕಿದೆ. ಮಳೆ ಜೋರಾಯಿತು. ಬೀದಿಯ ನೀರು ಹೊಸ ಜಾಲರಿಗಳಲ್ಲಿ ಗುಡುಗುಡು ಎಂದು ಇಳಿಯುವ ಸದ್ದು. ಚಿಲಕದ ಮೇಲಿನ ಕೈ ತೆಗೆಯಲಾಗಲಿಲ್ಲ. ಪೈಪು ಸೋರಿದರೆ? ಅವನು ಈ ಸಲವೂ ಒಂದು ಮಾತೂ ಹೇಳದೆ ನೀರಿನಲ್ಲಿ ಕೂತೇ ಇದ್ದುಬಿಟ್ಟರೆ?

"ಒಳಗೆ ಹಾಕಿ ಚಿಲಕ ಹಾಕಿದ್ಯಾ?" ಎಂದಳು ಅಮ್ಮ ಕುರ್ಚಿಯಿಂದ.

"ಹೂಂ."

"ಮತ್ತೆ ನೀನ್ಯಾಕೆ ಬಾಗಿಲು ಬಿಟ್ಟು ಕದಲ್ತಿಲ್ಲ? ಶಿಕ್ಷೆ ಅವನಿಗಾ, ನಿನಗಾ?"

ಚಿಲಕ ತೆಗೆದೆ.

ಅವನು ಕೂತಲ್ಲೇ ಕೂತಿದ್ದ. ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದ. ನಾನು ಇಳಿದು ಪಕ್ಕದಲ್ಲಿ ಕೂತು, ಅವನ ಅಂಗಿ ತೊಟ್ಟಿಕ್ಕದ ಕಡೆ ನನ್ನ ಕೈಯನ್ನೂ ನೆಲಕ್ಕೆ ಊರಿದೆ. ಒಣಗಿತ್ತು. ಗೋಡೆ ಮುಟ್ಟಿದೆ. ಅದೂ ಒಣಗಿತ್ತು. ಮೇಲೆ ಆಕಾಶ ಹರಿದುಬೀಳುತ್ತಿತ್ತು, ಇಲ್ಲಿ ಧೂಳು ಕೂಡ ಹಾಗೇ ಇತ್ತು.

ಅವನು ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಅದರೊಳಗಿನ ನೀಲಿ ಕರವಸ್ತ್ರವನ್ನು ನನ್ನ ಮಡಿಲಲ್ಲಿಟ್ಟ. "ಇದನ್ನ ಕೊಡೋಕೇ ಈ ಕೆಲಸ ಕೇಳಿ ಹಾಕಿಸಿಕೊಂಡು ಬಂದೆ," ಎಂದ. "ಕೊಟ್ಟುಬಿಟ್ಟರೆ ನೀನು ಬಾಗಿಲು ಹಾಕ್ಕೊಂಡು ಬಿಡ್ತೀಯ ಅಂತ ಕೊಡಲಿಲ್ಲ. ಬಣ್ಣ ಮಾಸಬಾರದು ಅಂತ ಒಂದು ಸಲವೂ ಒಗೆದಿಲ್ಲ."

"ಅದಕ್ಕೇ ಈ ವಾಸನೆ," ಎಂದೆ. ಗೋಡೆಯ ಮೇಲ್ತುದಿಯ ಪುಟ್ಟ ಕಿಟಕಿಯ ಕಡೆ ಎತ್ತಿ ಹಿಡಿದೆ. ಮೂರು ಮಳೆಗಾಲ ನಾನು ಎಲ್ಲಿ ತಪ್ಪುತ್ತಿದ್ದೆ ಎಂದು ನೋಡಿದ ಕೂಡಲೇ ತಿಳಿಯಿತು. ಅಮ್ಮ ನೀಲಿಗೆ ಒಂದು ಚೂರು ಕೆಂಪು ಬೆರೆಸುತ್ತಿದ್ದಳು. ಎದ್ದು ಅದನ್ನು ಹಗ್ಗಕ್ಕೆ ಸಿಕ್ಕಿಸಿದೆ. ಅಷ್ಟುದ್ದದ ಹಗ್ಗದಲ್ಲಿ ಒಂದೇ ಒಂದು ತುಣುಕು.

ಮತ್ತೆ ಬಂದು ಕೂತು, ಅವನ ಕೈ ತೆಗೆದು ನನ್ನ ಕೈಯೊಳಗೆ ಇಟ್ಟುಕೊಂಡೆ.

"ಕ್ಷಮಿಸಿದ್ದೀನಿ ಅಂತ ಅಂದ್ಕೋಬೇಡ."

"ಇಲ್ಲ."

"ಮುಂದಿನ ಮಳೆಗೂ ಇಲ್ಲೇ ಬಂದು ಕೂರಬೇಕು."

"ಅದರ ಮುಂದಿನದಕ್ಕೆ?"

"ಅದಕ್ಕೂ."

"ಎಲ್ಲಿವರೆಗೆ, ನೀಲಿ?"

"ನಿನ್ನ ಪೈಪು ಎಷ್ಟು ವರ್ಷ ಬಾಳುತ್ತೆ?"

"ನೂರು ವರ್ಷ," ಎಂದ. "ಈ ಸಲ ಪೂರ್ತಿ ನೋಡಿ ಹೇಳ್ತಿದ್ದೀನಿ."

"ಹಾಗಾದರೆ ನೂರು ವರ್ಷ ಶಿಕ್ಷೆ," ಎಂದು ಅವನ ಒದ್ದೆ ಗುಲಾಬಿ ಹೆಗಲಿಗೆ ತಲೆಯಿಟ್ಟೆ.